ಪುಟ್ಟಮಾದಮ್ಮನ ಪಾಲಿನ ಮಸ್ಕಾಯಿ

ಸತ್ತವರಿಗೆ ಹಸಿವಾಗುವುದಿಲ್ಲ. ಇದನ್ನು ಯಾರೂ ಬಂದು ಹೇಳಿಕೊಡಬೇಕಾಗಿಲ್ಲ. ಆದರೂ ಮಹಾಲಯ ಅಮಾವಾಸ್ಯೆ ಬಂತೆಂದರೆ, ಬದುಕಿದ್ದಾಗ ಕೊಡದ್ದನ್ನೆಲ್ಲ ಬಾಳೆಲೆಯ ಮೇಲೆ ಗುಡ್ಡೆ ಹಾಕುತ್ತೇವೆ.

ಕೃಷ್ಣಮೂರ್ತಿಪುರಂನಲ್ಲಿ ರವಿಕೆ ಹೊಲಿಯುವ ಇಂದ್ರಮ್ಮ ಅವತ್ತು ಮಿಷನ್ ಮುಟ್ಟಿರಲಿಲ್ಲ. ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡ ಅತ್ತೆ ಪುಟ್ಟಮಾದಮ್ಮನಿಗೆ ಎಡೆ ಇಡಬೇಕಿತ್ತು. ಸಿಹಿಗುಂಬಳವನ್ನು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಚೂರು ಹುಣಸೆಯ ಜೊತೆ ಬೇಯಿಸಿ, ಸೌಟಿನ ಬೆನ್ನಿನಿಂದ ನುಣ್ಣಗೆ ಮಸೆದಳು. ಹಲ್ಲಿಲ್ಲದ ಅತ್ತೆಗೆ ಮುದ್ದೆಯ ಪಕ್ಕ ಈ ಮಸ್ಕಾಯಿ ಒಂದಿದ್ದರೆ ಸಾಕಿತ್ತು.

ಕೊನೆಯ ವರ್ಷಗಳಲ್ಲಿ ಅದು ಸಿಕ್ಕಿದ್ದೇ ಇಲ್ಲವಲ್ಲ! ನಾಲ್ಕು ವರ್ಷದ ಹಿಂದೆ, ದಸರೆಗೆ ಮುಂಚೆ ರವಿಕೆಗಳು ರಾಶಿ ಬಿದ್ದಿದ್ದಾಗ, ಮುದುಕಿ ಆಸೆಯಿಂದ ಕೇಳಿತ್ತು. ಒಬ್ಬರಿಗೋಸ್ಕರ ಮಿಷನ್ ಬಿಟ್ಟೇಳಬೇಕಲ್ಲ ಎಂದು ಇಂದ್ರಮ್ಮನಿಗೆ ರೇಗಿಹೋಯಿತು. "ಸಕ್ಕರೆ ಕಾಯಿಲೆಗೆ ಕುಂಬಳಕಾಯಿ ಮುಟ್ಲೇಬಾರ್ದು ಅಂದವ್ರೆ ಡಾಕ್ಟ್ರು" ಅಂದುಬಿಟ್ಟಳು. ಡಾಕ್ಟರು ಹಾಗೇನೂ ಅಂದಿರಲಿಲ್ಲ. ಪುಟ್ಟಮಾದಮ್ಮ ಮತ್ತೆಂದೂ ಕೇಳಲಿಲ್ಲ.

ಗಂಡ ಸಿದ್ದರಾಜು ಎಡೆಗೆ ಕಾಯಿ ಒಡೆದ. ಸತ್ತವರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹಾಲ್‌ನಲ್ಲಿ ಕೂತರು. ಎಡೆಗೆಂದು ಬಂದಿದ್ದ ಪುಟ್ಟಮಾದಮ್ಮನ ತಂಗಿ ಮಾದೇವಮ್ಮನಿಗೂ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ ಗಂಟೆಯಾಗಿತ್ತು, ಹೊಟ್ಟೆಗೆ ಇನ್ನೂ ಏನೂ ಬಿದ್ದಿರಲಿಲ್ಲ.

"ಏನ್ಲಾ ಸಿದ್ದ, ನಮ್ಮಕ್ಕ ಇನ್ನೂ ಉಂಡಾಗ್ಲಿಲ್ವಾ? ಬದುಕಿದ್ದಾಗ್ಲೂ ಅವಳದ್ದು ಹಿಂಗೇ ನಿಧಾನ."

"ಒಂದ್ಗಳಿಗೆ ಸುಮ್ಕಿರು ಚಿಕ್ಕವ್ವ," ಎಂದ ಸಿದ್ದರಾಜು. "ಏನೇ ಅನ್ನು, ನಮ್ಮವ್ವಂಗೆ ಇಂದ್ರಮ್ಮನಂಗೆ ಪಥ್ಯ ಮಾಡಿ ನೋಡ್ಕಂಡವ್ರು ಯಾರವ್ರೆ?"

ಇಂದ್ರಮ್ಮ ತಲೆ ಎತ್ತಲಿಲ್ಲ. ಅವಳ ಕಣ್ಣು ಮಾದೇವಮ್ಮನ ಕೈಮೇಲಿತ್ತು. ಆ ಕೈ ನಡುಗುತ್ತಿತ್ತು. ಇಂದ್ರಮ್ಮ ಧಡಕ್ಕನೆ ಎದ್ದು ಬಾಗಿಲು ತೆಗೆದು, ಎಲೆಯ ಮುಂದಿದ್ದ ಮಸ್ಕಾಯಿ ಬಟ್ಟಲು, ಮುದ್ದೆ ಎರಡನ್ನೂ ತಂದು ಮುದುಕಿಯ ಮುಂದಿಟ್ಟಳು.

"ಏಯ್, ಏನೇ ಇದು? ಅವ್ವನ ಎಡೆ ಕಣೇ!"

"ನಿಮ್ಮವ್ವ ಬರಲ್ಲ ಕಣ್ರೀ. ಪಥ್ಯನೂ ಇಲ್ಲ, ಮಣ್ಣೂ ಇಲ್ಲ. ಮಾಡೋಕ್ಕಾಗ್ದೆ ಡಾಕ್ಟ್ರ ಹೆಸರಲ್ಲಿ ಸುಳ್ಳು ಹೇಳ್ದೋಳು ನಾನು."

ಮಾದೇವಮ್ಮ ತುತ್ತು ನುಂಗುತ್ತಲೇ ಹೇಳಿದಳು.

"ಅಕ್ಕಂಗೆ ಗೊತ್ತಿತ್ತು ಕಣ್ಮಗ. ಆಸ್ಪತ್ರೇಲಿ ಅವಳೇ ಡಾಕ್ಟ್ರನ್ನ ಕೇಳಿದ್ಲು. ಸೊಲ್ಪ ತಿನ್ನಜ್ಜಿ, ಏನಾಗಲ್ಲ ಅಂದಿದ್ರಂತೆ."

"ಮತ್ಯಾಕೆ ಚಿಕ್ಕತ್ತೆ, ನನ್ನ ಒಂದ್ಮಾತು ಕೇಳ್ಲಿಲ್ಲ?"

"ಕೇಳಿದ್ರೆ ನೀನು ಮುಖ ಊದಿಸ್ಕಂಡೀಯೆ ಅಂತ. ದಿನಾ ಅನ್ನ ಹಾಕೋ ಕೈ ಅಲ್ವಾ, ಹೆದರ್ಕಂಡಿದ್ಲು."

ಬೈದಿದ್ದರೆ ಇಂದ್ರಮ್ಮ ತಡೆದುಕೊಳ್ಳುತ್ತಿದ್ದಳು. ತನಗೆ ಹೆದರಿ ಒಂದು ಜೀವ ಮೂರು ವರ್ಷ ನಾಲಿಗೆ ಕಟ್ಟಿಕೊಂಡಿತ್ತು ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಳೋದು ಆಮೇಲೆ," ಎಂದಳು ಮಾದೇವಮ್ಮ. "ಇದಕ್ಕೆ ಉಪ್ಪೇ ಬಿದ್ದಿಲ್ಲ, ತಕಬಾ."

ಎಡೆಗೆ ಮುಂಚೆ ರುಚಿ ನೋಡಬಾರದಲ್ಲ, ಯಾರಿಗೂ ಗೊತ್ತಾಗಿರಲಿಲ್ಲ. ಇಂದ್ರಮ್ಮ ಉಪ್ಪು ತಂದಳು. ಕಲೆಸಿ, ಬೆರಳ ತುದಿಯಲ್ಲಿ ರುಚಿ ನೋಡಿ, ಮತ್ತೆ ಬಡಿಸಿದಳು.

ಒಂದೇ ಸಲ ಕೇಳಿ, ಆಮೇಲೆ ಸುಮ್ಮನಾದವರು ನಿಮ್ಮ ಮನೆಯಲ್ಲೂ ಇದ್ದಾರೆ. ಅವರು ಫೋಟೋ ಆಗುವ ತನಕ ಕಾಯಬೇಡಿ. ಈ ಪತ್ರಿಕೆ ಮಡಿಚಿಟ್ಟು ಏಳಿ. ಏನು ತಿನ್ನಬೇಕು ಅನ್ನಿಸುತ್ತಿದೆ ಎಂದು ಅವರನ್ನು ಕೇಳಿ, ಇವತ್ತೇ ಮಾಡಿ ಹಾಕಿ.