ಬೆಟ್ಟವನ್ನು ಉಲ್ಟಾ ಸುತ್ತುತ್ತಿದ್ದವರು

ಅಂದು ಬೆಳಿಗ್ಗೆಯೂ ನಾನು ಒಗ್ಗರಣೆಗೆ ಮಂಡಕ್ಕಿ ನೆನೆಸುವ ಹೊತ್ತಿಗೆ ನಮ್ಮ ಮಹಡಿಯ ಖೋಲಿಯಲ್ಲಿ ಒಬ್ಬರೇ ಇರುವ ಬಾಡಿಗೆದಾರರು ಬೆಟ್ಟ ಸುತ್ತಲು ಹೊರಟರು. ಕುರುಚಲು ಕಾಡಿನೊಳಗೆ ಹತ್ತಿ, ಹೊಳೆದಂಡೆಗೆ ಇಳಿದು, ತಿರುಗಿ ಊರಿಗೇ ಬಂದು ಸೇರುವ ದಾರಿ ಅದು. ದೇವರ ಬೆಟ್ಟವೆಂದು ಎಲ್ಲರೂ ಅದನ್ನು ಬಲಕ್ಕಿಟ್ಟುಕೊಂಡು ನಡೆದರೆ ಇವರು ಮಾತ್ರ ಎಡಕ್ಕೆ. ದಿನವೂ ಮರಳಿ ಬಂದು ಮೆಟ್ಟಿಲ ಮೇಲೆ ಕೂತು, ಪ್ಯಾಂಟಿಗೆ ಅಂಟಿದ ಮುಳ್ಳುಬೀಜಗಳನ್ನು ಒಂದೊಂದಾಗಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವರು. "ಸುತ್ತು ಮುಗೀತ್ರಿ ಅಕ್ಕಾರ" ಎನ್ನುವರು. ಆ ಬೀಜಗಳು ಯಾತಕ್ಕೋ ಎಂದು ನನ್ನ ಕಣ್ಣು ಆ ಜೇಬಿನ ಮೇಲೆಯೇ.

"ಮಾಟದಾವ ಅದಾನ. ಇವತ್ತ ಖೋಲಿ ಬಿಡಸವಾ," ಎಂದು ನನಗೆ ಹೇಳಿ ಅತ್ತೆಯೂ ಓಣಿಯ ಹೆಂಗಸರೊಂದಿಗೆ ಪ್ರದಕ್ಷಿಣೆಗೆ ಹೋದರು.

ಹೆಂಗಸರೆಲ್ಲ ಮರಳಿದರೂ ಅತ್ತೆ ಬರಲಿಲ್ಲ. ಅವರು ಹಿಂದೆ ಉಳಿದದ್ದನ್ನು ಯಾರೂ ತಿರುಗಿ ನೋಡಿರಲಿಲ್ಲ. ಕೊನೆಗೆ ತೋಳು ಹಿಡಿದು ಕರೆತಂದವರು ಈ ಬಾಡಿಗೆದಾರರೇ. ಕಾಲು ಉಳುಕಿ ಬಂಡೆಯ ಮರೆಯಲ್ಲಿ ಕೂತಿದ್ದ ಅತ್ತೆಯನ್ನು, ಎದುರಿನಿಂದ ಬರುತ್ತಿದ್ದ ಇವರು ಕಂಡರಂತೆ.

"ಇವತ್ತ ಸುತ್ತು ಅರ್ಧಕ್ಕ ನಿಂತ್ರಿ ಅಕ್ಕಾರ," ಎಂದರು.

"ಅವರಿಗೆ ಚಾ ಕೊಡವಾ," ಎಂದ ಅತ್ತೆ ಖೋಲಿಯ ಮಾತೆತ್ತಲಿಲ್ಲ.

ಸಂಜೆ ಅತ್ತೆಯನ್ನು ನೋಡಲು ಬಂದ ಪಕ್ಕದ ಮನೆಯಾಕೆ ಬಿಸಿ ಚಹಾ ಊದುತ್ತ ಹೇಳಿದರು: "ಅಲ್ರೀ, ನಿಮ್ಮತ್ತಿ ಅಲ್ಲೇ ಬೀಳ್ತಾರಂತ ಅವಂಗ ಮೊದಲ ಹೆಂಗ ಗೊತ್ತಾತ್ರಿ?"