ಸೂಜಿ ಮುಟ್ಟದ ದಿನಗಳು

ಮೊಮ್ಮಗಳು ಇಗರ್ಜಿಯಲ್ಲಿ ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ದಿನದ ಬಿಳಿ ಫ್ರಾಕನ್ನು ಪಕ್ಕದ ಮನೆಯ ಜಪಾನಿ ಮುದುಕಿಗೆ ಹೊಲಿಯಲು ಕೊಟ್ಟದ್ದು ನನ್ನ ಮಗಳು. ನನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಈ ಶತಮಾನ ಹುಟ್ಟಿ ಐದಾರು ವರ್ಷವಾಗಿತ್ತು. ನಾನು ಮಂಗಳೂರಿನಿಂದ ಮೆಲ್ಬರ್ನ್‌ಗೆ, ವಿಂಡಮ್ ವೇಲ್‌ನ ಮಗಳ ಮನೆಗೆ ಬಂದು ಎರಡು ತಿಂಗಳು. ನಮ್ಮ ಬೀದಿಯಲ್ಲಿ ಅರ್ಧದಷ್ಟು ಸೈಟುಗಳು ಇನ್ನೂ ಖಾಲಿ. ಮುದುಕಿ ಈ ದೇಶದವನನ್ನು ಮದುವೆಯಾಗಿ ಬಂದು, ವಿಧವೆಯಾಗಿ, ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದಳು.

ನಾನು ಸಿಸ್ಟರುಗಳ ಬೋರ್ಡಿಂಗಿನಲ್ಲಿ ಬೆಳೆದವಳು, ಆಮೇಲೆ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಹೇಳಿದ ದಿನಕ್ಕೆ ಹೇಳಿದ ಕೆಲಸ ಮುಗಿಯದ ಕಡೆ ಏನೋ ಮೋಸವಿದೆ ಎಂದೇ ನನ್ನ ಎಣಿಕೆ. ಮುದುಕಿಯ ಹೊಲಿಗೆ ಯಂತ್ರದ ಸದ್ದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಕೆಲವು ದಿನ ಕೇಳಿಸುತ್ತಿರಲಿಲ್ಲ; ಆ ದಿನ ಹಗಲಲ್ಲೇ ಪರದೆ ಎಳೆದಿರುತ್ತಿದ್ದಳು. ನಾನು ಡೈರಿಯಲ್ಲಿ ಗುರುತು ಹಾಕತೊಡಗಿದೆ. ಭಾನುವಾರವಾದರೆ ಸರಿ. ಆದರೆ ಬುಧವಾರ ಏಕೆ? ಶುಕ್ರವಾರ ಏಕೆ?

ಅಳತೆ ನೋಡಲು ಹೋದ ದಿನ ಕಪಾಟಿನ ಮೇಲೆ ಪಿಂಗಾಣಿಯ ದೇವತೆ ಕಂಡಿತು. ತೊಡೆಯ ಮೇಲೆ ಮಗು. ಬೌದ್ಧರದ್ದು ಎಂದು ತಿಳಿದುಕೊಂಡೆ. ಮನೆಗೆ ಬಂದು ಹೇಳಿದರೆ ಅಳಿಯ ನಕ್ಕ. ಅವನು ಬೆಂಗಳೂರಿನವನು, ಅವನೆದುರು ಕೊಂಕಣಿ ಬಿಟ್ಟು ಕನ್ನಡವೇ.

"ಅತ್ತೆ, ನೀವು ರಿಟೈರ್ ಆಗಿದ್ದು ಸ್ಕೂಲಿಂದಾನೋ, ಸಿಐಡಿಯಿಂದಾನೋ?"

"ನೀನು ನಗು. ಪರಮಪ್ರಸಾದದ ಬಟ್ಟೆ ಎಂಥವರ ಕೈಯಲ್ಲಿ ಉಂಟು ನೋಡು."

"ಮಮ್ಮಿ, ಪ್ಲೀಸ್," ಎಂದಳು ಮಗಳು, ಡಾಕ್‌ಲ್ಯಾಂಡ್ಸ್‌ನ ಆಫೀಸಿನಿಂದ ಆಗಷ್ಟೇ ಬಂದವಳು. "ಆ ಆಂಟಿ ಎರಡು ವರ್ಷದಿಂದ ಪಾಪುನ ನೋಡ್ಕೊಂಡಿದ್ದಾರೆ."

ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿದ್ದ ತಂಗಿಗೆ ಗುಟ್ಟಾಗಿ ಹೇಳಿ ಒಂದು ರೆಡಿಮೇಡ್ ಫ್ರಾಕು ತರಿಸಿಟ್ಟೆ.

ಸಮಾರಂಭ ಭಾನುವಾರ. ಗುರುವಾರ ಸಂಜೆ ಹೋದಾಗ ಅಂಚು ಮಡಿಸಿ ಹೊಲಿಯುವುದೊಂದು ಉಳಿದಿತ್ತು. ಯಂತ್ರಕ್ಕೆ ಆಗಲೇ ಮುಸುಕು ಹಾಕಿದ್ದಳು. ನಮ್ಮಿಬ್ಬರ ಮಾತೂ ಇಂಗ್ಲಿಷಿನಲ್ಲಿ. ನನ್ನದು ಶಾಲೆಯದು, ಅವಳದು ತುಂಡುತುಂಡು.

"ನಾಳೆಯಿಂದ ಭಾನುವಾರದವರೆಗೆ ಸೂಜಿ ಮುಟ್ಟುವಂತಿಲ್ಲ," ಎಂದಳು. "ಅಪ್ಪ ಕಲಿಸಿದ ಲೆಕ್ಕದ ದಿನಗಳು."

"ನಿಮ್ಮಪ್ಪನಿಗೂ ನನ್ನ ಮೊಮ್ಮಗಳ ಫ್ರಾಕಿಗೂ ಏನು ಸಂಬಂಧ?"

ಅವಳು ಬಟ್ಟೆಯ ಅಳತೆ ಕತ್ತರಿಸುವ ಕಾಗದವನ್ನು ಮೇಜಿನ ಮೇಲೆ ಹಾಸಿ ದರ್ಜಿಯ ಸೀಮೆಸುಣ್ಣದಿಂದ ಗೆರೆ ಎಳೆದಳು. ಇದು ಕ್ಯೂಷೂ, ಜಪಾನಿನ ದಕ್ಷಿಣದ ದೊಡ್ಡ ದ್ವೀಪ. ಅದರ ಪಶ್ಚಿಮದ ಕಡಲಲ್ಲಿ ಓರೆಯಾಗಿ ಐದು ದೊಡ್ಡ ದ್ವೀಪ, ಸುತ್ತ ನೂರಕ್ಕೂ ಮಿಕ್ಕಿ ಚಿಕ್ಕವು. ಹೆಸರು ಗೊತೊ. ಕ್ರೈಸ್ತ ಧರ್ಮಕ್ಕೆ ನಿಷೇಧವಿದ್ದ ಕಾಲದಲ್ಲಿ ಅವಳ ಹಿರಿಯರು ಎದುರು ದಡದಿಂದ ದೋಣಿಯಲ್ಲಿ ಅಲ್ಲಿಗೆ ಬಂದರು. ಸಮತಟ್ಟು ನೆಲ, ಒಳ್ಳೆಯ ಬಂದರು ಮೊದಲಿದ್ದವರ ಪಾಲು. ಬಂದವರಿಗೆ ಕಡಿದಾದ ಗುಡ್ಡ. ಅಲ್ಲಿ ಗೆಣಸು ಬೆಳೆದರು. ಗುರುಗಳಿಲ್ಲ, ಇಗರ್ಜಿಯಿಲ್ಲ. ಹಳ್ಳಿಗೊಬ್ಬ ಪಂಚಾಂಗ ಇಟ್ಟುಕೊಂಡು ಹಬ್ಬದ ದಿನ, ದುಃಖದ ದಿನ ಎಣಿಸಿ ಮನೆಮನೆಗೆ ತಿಳಿಸುತ್ತಿದ್ದ. ಆ ದಿನಗಳಲ್ಲಿ ಹೆಂಗಸರು ಸೂಜಿ ಎತ್ತಿಡುತ್ತಿದ್ದರು. ಅವಳ ಅಪ್ಪ ಆ ಎಣಿಸುವವರಲ್ಲಿ ಕೊನೆಯವನು. ಪಿಂಗಾಣಿಯ ದೇವತೆ, ಅಧಿಕಾರಿಗಳ ಕಣ್ಣಿಗೆ ಬೌದ್ಧರದ್ದು, ಮನೆಯವರಿಗೆ ಯೇಸುವಿನ ತಾಯಿ ಮರಿಯಮ್ಮ.

ಚೆನ್ನಾಗಿ ಕಟ್ಟಿದ ಕಥೆ ಎಂದುಕೊಂಡೆ. ಶುಕ್ರವಾರ ಲೈಬ್ರರಿಯ ಬಾಗಿಲು ತೆರೆಯುವ ಹೊತ್ತಿಗೆ ಹೊರಗೆ ನಿಂತಿದ್ದೆ. ದ್ವೀಪಗಳು ಅವಳು ಎಳೆದ ಜಾಗದಲ್ಲೇ ಇದ್ದವು, ಅದೇ ಓರೆಯಲ್ಲಿ. ವಿಶ್ವಕೋಶವೂ ಅವಳ ಕಡೆಯೇ ಸಾಕ್ಷಿ ಹೇಳಿತು. ಆದರೆ ಓದುತ್ತಾ ಹೊಸದೊಂದು ಪ್ರಶ್ನೆ ಸಿಕ್ಕಿತು. ಶನಿವಾರ ಬೆಳಗ್ಗೆ ಹೋಗಿ ಬೇಲಿಯಾಚೆಯಿಂದಲೇ ಕೇಳಿದೆ.

"ನಿಷೇಧ ಎತ್ತಿ ನೂರು ವರ್ಷದ ಮೇಲಾಯಿತು. ಮತ್ತೆ ನೀವು ಇಗರ್ಜಿಗೆ ಯಾಕೆ ಹೋಗಲಿಲ್ಲ?"

"ಬಹಳ ಜನ ಹೋದರು," ಎಂದಳು. "ಗುರುಗಳು ಬಂದು, ನೀವು ಮಾಡಿದ್ದೆಲ್ಲ ತಪ್ಪು, ಮೊದಲಿಂದ ಕಲಿಯಿರಿ ಅಂದರು. ನಮ್ಮ ಮನೆಯವರು ಹೋಗಲಿಲ್ಲ."

ಹಾಗಾದರೆ ಅವಳು ನಮ್ಮವಳೋ ಅಲ್ಲವೋ? ಅಂಚು ಉಳಿದಿದ್ದ ಫ್ರಾಕು ಇಸಿದುಕೊಂಡು ಬಂದೆ.

ಸಿಡ್ನಿಯ ಫ್ರಾಕು ತೊಡಿಸಿ ನೋಡಿದರೆ ಭುಜ ಇಳಿಬಿತ್ತು. ಬೇರೆ ದಾರಿಯಿರಲಿಲ್ಲ. ಮುದುಕಿಯ ಫ್ರಾಕಿನ ಒಳಮೈ ಹೊರಗೆ ಮಾಡಿ, ತನ್ನವರ ಪಂಥದ ಏನಾದರೂ ಗುರುತು ಸೇರಿಸಿದ್ದಾಳೋ ಎಂದು ಒಂದೊಂದು ಹೊಲಿಗೆಯನ್ನೂ ಬೆಳಕಿಗೆ ಹಿಡಿದೆ. ಏನೂ ಇರಲಿಲ್ಲ. ಅಂಥ ನೇರ ಹೊಲಿಗೆ ನನ್ನ ಕೈಯಲ್ಲಿ ಬರುವುದಿಲ್ಲ. ಅಂಚನ್ನು ನಾನೇ ಕೈಯಲ್ಲಿ ಹೊಲಿದು ಮುಗಿಸಿದೆ.

ಮೊಮ್ಮಗಳು ಕರೆದಿದ್ದಳೆಂದು ಭಾನುವಾರ ಮುದುಕಿಯೂ ಇಗರ್ಜಿಗೆ ಬಂದಳು. ಕೊನೆಯ ಬೆಂಚು. ಎಲ್ಲರೂ ಎದ್ದಾಗ ಎದ್ದಳು, ಮೊಣಕಾಲೂರಿದಾಗ ಊರಿದಳು. ಮಕ್ಕಳ ಸಾಲು ಪೀಠದ ಕಡೆ ಹೊರಟಿತು. ನಾನು ಹಿಂತಿರುಗಿ ನೋಡಿದೆ. ನಮ್ಮ ಇಗರ್ಜಿಗೆ ಸೇರದವರು ಪ್ರಸಾದ ತೆಗೆದುಕೊಳ್ಳುವಂತಿಲ್ಲ. ಇವಳೂ ಪ್ರಸಾದಕ್ಕೆ ಬರುತ್ತಾಳೋ? ಬಂದರೆ ಯಾರಿಗಾದರೂ ಹೇಳಬೇಕೋ? ಅವಳು ಕದಲಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ಏನು ಜಪಿಸುತ್ತಿದ್ದಾಳೆ ಎಂದು ಕತ್ತು ಚಾಚಿದೆ. ಮಗಳು ತೋಳು ಹಿಡಿದು ಜಗ್ಗಿದಳು. ತಿರುಗುವಷ್ಟರಲ್ಲಿ ಮೊಮ್ಮಗಳು ಪ್ರಸಾದ ಸ್ವೀಕರಿಸಿ, ಕೈಜೋಡಿಸಿಕೊಂಡು ತನ್ನ ಬೆಂಚಿಗೆ ಮರಳುತ್ತಿದ್ದಳು.

ಹೊರಗೆ ಬಂದೊಡನೆ ಓಡಿಬಂದು ಕೇಳಿದಳು, "ಗ್ರ್ಯಾನಿ, ಡಿಡ್ ಯು ಸೀ ಮಿ?"

"ನೋಡಿದೆ ಮಗಾ," ಎಂದೆ.