‘ಉಂಟು’ ಎಂಬಲ್ಲಿ ‘ಇದೆ’

ಮಾನ್ಯ ಓದುಗರ ಅವಗಾಹನೆಗೆ ಮೊದಲೇ ತರಬೇಕಾದ ಸಂಗತಿಯೊಂದು ಇದೆ. ಪ್ರಬಂಧವೆಂಬುದನ್ನು ನಾನು ಬರೆಯುತ್ತಿರುವುದು ಇದೇ ಪ್ರಥಮ. ನಿವೃತ್ತಿಯವರೆಗೂ ಪುತ್ತೂರಿನ ಕಚೇರಿಯೊಂದರಲ್ಲಿ ಪತ್ರಗಳ ಕರಡು ಸಿದ್ಧಪಡಿಸುತ್ತಿದ್ದ ನನಗೆ ‘ವಿಷಯ’, ‘ಉಲ್ಲೇಖ’ ಎಂಬ ಎರಡು ಸಾಲುಗಳಿಲ್ಲದೆ ಲೇಖನಿ ಮುಂದೆ ಹೋಗುವುದಿಲ್ಲ. ಆದಕಾರಣ ಅವುಗಳನ್ನು ಇಲ್ಲಿಯೂ ನಮೂದಿಸಲು ಅನುಮತಿ ಕೋರುತ್ತೇನೆ. ವಿಷಯ: ಎಕ್ಸೆಲ್ ಫೈಲುಗಳ ಹೆಸರು ಬದಲಿಸುವುದು, ಸ್ಥಳಾಂತರಿಸುವುದು ಹಾಗೂ ಅವುಗಳೊಳಗಿನ ಪದಗಳನ್ನು ತಿದ್ದುವುದು. ಉಲ್ಲೇಖ: ಕಲ್ಲುಗುಂಡಿಯ ಒಂದು ಬಯಕೆ ಊಟ.

ನನ್ನ ತಂಗಿ ಶಶಿಕಲಾ ಕಬಕದಲ್ಲಿ ಸಮಾರಂಭಗಳಿಗೆ ಅಡುಗೆ ಮಾಡಿಸಿ ಕಳುಹಿಸುವ ವ್ಯವಹಾರ ನಡೆಸುತ್ತಾಳೆ. ಕಡಬದ ಗೃಹಪ್ರವೇಶವಿರಲಿ, ಕೆದಂಬಾಡಿಯ ನಾಮಕರಣವಿರಲಿ, ಪ್ರತಿ ಊಟಕ್ಕೂ ಒಂದು ಫೈಲು. ಆ ಫೈಲುಗಳ ಹೆಸರುಗಳು ಮಾತ್ರ ‘ಹೊಸತು’, ‘ಹೊಸತು ಫೈನಲ್’, ‘ಫೈನಲ್ ಇದೇ’, ‘ಇದಲ್ಲ’ ಎಂದಿರುತ್ತಿದ್ದವು. ಸಂಖ್ಯೆಯಿಲ್ಲದ ಕಡತವನ್ನು ಕಂಡರೆ ಅನ್ನ ಸೇರದ ನಾನು ಈ ಅವ್ಯವಸ್ಥೆಯ ಬಗ್ಗೆ ಅವಳ ಗಮನ ಸೆಳೆದೆ.

“ಅಣ್ಣ, ನೀನು ಅದನ್ನು ಮುಟ್ಟುದು ಬೇಡ. ಎಲ್ಲಿ ಎಂತ ಉಂಟು ಅಂತ ನನಗೆ ಗೊತ್ತುಂಟು” ಎಂದಳು.

ಮುಟ್ಟದೇ ಇರುವುದು ನನ್ನಿಂದಾಗಲಿಲ್ಲ. ಮೊಬೈಲಿನಲ್ಲಿ ವೀಡಿಯೊ ನೋಡಿ ಮ್ಯಾಕ್ರೋ ಬರೆಯುವುದನ್ನು ಕಲಿತೆ. ಮ್ಯಾಕ್ರೋ ಎಂದರೆ ಕಂಪ್ಯೂಟರಿಗೆ ಒಮ್ಮೆ ಬರೆದುಕೊಡುವ ಆದೇಶ. ಬಳಿಕ ಗುಂಡಿ ಒತ್ತಿದಾಗಲೆಲ್ಲ ಅದು ಸ್ಪಷ್ಟೀಕರಣ ಕೋರದೆ, ರಜೆ ಹಾಕದೆ, ಗೊಣಗದೆ ಆದೇಶವನ್ನು ಪಾಲಿಸುತ್ತದೆ. ಇಂತಹ ಅಧೀನ ಸಿಬ್ಬಂದಿ ನನ್ನ ಸೇವಾವಧಿಯಲ್ಲಿ ಎಂದೂ ದೊರೆತಿರಲಿಲ್ಲ. ಮೊದಲನೆಯ ಮ್ಯಾಕ್ರೋ ಪ್ರತಿ ಫೈಲಿಗೂ ಊರು ಮತ್ತು ಸಮಾರಂಭದ ಹೆಸರಿಟ್ಟಿತು. ಎರಡನೆಯದು ಫೈಲಿನೊಳಗೆ ‘ಕೋಳಿ’ ಎಂಬ ಪದದ ಪಕ್ಕದ ಮನೆಯನ್ನು, ಅಂದರೆ ಚೌಕವನ್ನು, ನೋಡುತ್ತಿತ್ತು. ಅಲ್ಲಿ ತಂಗಿ ‘ಉಂಟು’ ಎಂದು ಬರೆದಿದ್ದರೆ ಫೈಲು ಮಾಂಸಾಹಾರದ ಫೋಲ್ಡರಿಗೆ, ಇಲ್ಲವಾದರೆ ಸಸ್ಯಾಹಾರದ ಫೋಲ್ಡರಿಗೆ ಹೋಗುತ್ತಿತ್ತು. ಯಾವ ಫೋಲ್ಡರಿನಲ್ಲಿದೆಯೋ ಆ ನಮೂನೆಯ ಅಡುಗೆಪಟ್ಟಿ ಮುದ್ರಣವಾಗಿ ಅಡುಗೆಮನೆಯ ಗೋಡೆಗೇರುತ್ತಿತ್ತು.

ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಆ ‘ಉಂಟು’ ನನ್ನ ಕಣ್ಣಿಗೆ ಚುಚ್ಚತೊಡಗಿತು. ಕಚೇರಿಗೆ ಸೇರಿದ ಹೊಸತರಲ್ಲಿ ನನ್ನ ಕರಡಿನಲ್ಲಿ ಈ ಪದ ಕಂಡಾಗಲೆಲ್ಲ ಘಟ್ಟದ ಮೇಲಿನಿಂದ ಬಂದ ಮೇಲಧಿಕಾರಿಗಳು ಕೆಂಪು ಶಾಯಿಯಲ್ಲಿ ‘ಇದೆ’ ಎಂದು ತಿದ್ದುತ್ತಿದ್ದರು. ಹಾಗೆ ನೋಡಿದರೆ ‘ಉಂಟು’ ಕುಲಹೀನ ಪದವೇನಲ್ಲ. ಹಳೆಯ ಕಾವ್ಯಗಳಲ್ಲಿ ಅದು ಗೌರವದಿಂದಲೇ ಬಾಳಿದೆ. ತುಳುವಿನಲ್ಲಿ ‘ಉಂಡು’ ಎಂದೂ, ಸುಳ್ಯದ ಅರೆಭಾಷೆಯಲ್ಲಿ ‘ಉಟ್ಟು’ ಎಂದೂ ಅದರ ಬಂಧುಬಳಗ ನಮ್ಮ ಸುತ್ತಲೇ ವಾಸವಾಗಿದೆ. ಇದೆಲ್ಲ ತಿಳಿದಿದ್ದರೂ ಕೆಂಪು ಶಾಯಿಯ ಭಯ ನಿವೃತ್ತಿಯಾಗಿರಲಿಲ್ಲ. ಮೂರನೆಯ ಮ್ಯಾಕ್ರೋ ಬರೆದೆ: ಎಲ್ಲ ಫೈಲುಗಳಲ್ಲಿಯೂ ‘ಉಂಟು’ ಎಂಬಲ್ಲಿ ‘ಇದೆ’, ‘ಎಂತ’ ಎಂಬಲ್ಲಿ ‘ಏನು’. ‘ಎಂತಹ ಮಳೆ ಬಂದರೂ’ ಎಂಬುದು ‘ಏನುಹ ಮಳೆ ಬಂದರೂ’ ಎಂದಾದದ್ದನ್ನು ಕಂಡು ನಕ್ಕು, ಅದೊಂದನ್ನು ಕೈಯಿಂದಲೇ ಸರಿಪಡಿಸಿದೆ. ಎರಡನೆಯ ಮ್ಯಾಕ್ರೋಗೆ ‘ಇದೆ’ ಎಂಬ ಪದದ ಪರಿಚಯವೇ ಇಲ್ಲವೆಂಬುದು ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ತಂಗಿ ಇನ್ನೊಂದು ಸಮಾರಂಭಕ್ಕೆಂದು ಕಡಬಕ್ಕೆ ಹೋಗಿದ್ದಳು. ಪ್ರಭಾರ ನನ್ನದು. ಎಂದಿನಂತೆ ಗುಂಡಿ ಒತ್ತಿ ಆ ದಿನದ ಅಡುಗೆಪಟ್ಟಿಯನ್ನು ಗೋಡೆಗೇರಿಸಿದೆ. ಕಲ್ಲುಗುಂಡಿಯ ದೇವಕಿಯಕ್ಕನ ಮನೆಯಲ್ಲಿ ಅವರ ಮಗಳು ಮಮತಾಳ ಬಯಕೆ, ಅಂದರೆ ಬಸುರಿ ಬಯಸಿದ್ದನ್ನು ಮನೆಯವರೆಲ್ಲ ಕೂಡಿ ಉಣಿಸುವ ದಿನ. ಊಟದ ವ್ಯಾನು ಹೊರಟು ಹೋದ ಮೇಲೆ ದೇವಕಿಯಕ್ಕನ ಫೋನು ಬಂತು.

“ಕೋಳಿ ಸಾರಿಗೆ ಖಾರ ಸ್ವಲ್ಪ ಕಮ್ಮಿ ಹಾಕಿದ್ದೀರಲ್ಲ? ಅವಳಿಗೆ ಇಷ್ಟು ಸಮಯ ನೀರು ಕುಡಿದರೂ ವಾಂತಿ ಮಾರಾಯ್ರೆ. ಬಾಯಿ ಬಿಟ್ಟು ಕೇಳಿದ್ದು ಇದೊಂದೇ, ರೊಟ್ಟಿ ಮತ್ತು ಕೋಳಿ ಸಾರು.”

“ಪರಿಶೀಲಿಸಿ ತಿಳಿಸಲಾಗುವುದು” ಎಂದು ಫೋನು ಇಟ್ಟು ಅಡುಗೆಮನೆಗೆ ಓಡಿದೆ. ಮುಖ್ಯ ಅಡುಗೆಯ ವಿಶ್ವಣ್ಣ ಕೈ ಒರೆಸಿಕೊಳ್ಳುತ್ತಿದ್ದರು.

“ಎಂತ ಕೋಳಿ? ಪಟ್ಟಿಯಲ್ಲಿ ಇಲ್ವಲ್ಲ! ಬಯಕೆಗೆ ಕುಂಬಳಕಾಯಿಯ ಮಜ್ಜಿಗೆಹುಳಿ ಅಂತ ನೋಡುವಾಗ ನನಗೂ ಒಂಥರಾ ಆಯ್ತು. ಏನೋ ಹರಕೆ ಇರ್ಬೇಕು ಅಂತ ಎಣಿಸಿದೆ.”

“ಒಂದು ಮಾತು ಕೇಳಬಹುದಿತ್ತಲ್ಲ ವಿಶ್ವಣ್ಣ?”

“ಕೇಳುದು ಹೇಗೆ? ‘ಇದರಲ್ಲಿ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ’ ಅಂತ ಅಡಿಯಲ್ಲಿ ನೀವೇ ಬರೆದದ್ದು ಉಂಟಲ್ಲ!”

ತಂಗಿಗೆ ಫೋನು ಮಾಡಿದೆ. “ಉಂಟು ಅಂತ ಹಾಕಿದ್ದೆನಲ್ಲ ಅಣ್ಣ!” ಎಂದಳು.

“ಅದನ್ನು ‘ಇದೆ’ ಎಂದು ಪರಿಷ್ಕರಿಸಲಾಗಿತ್ತು” ಎಂದೆ.

“ನಿನ್ನ ಪರಿಷ್ಕರಣೆಯನ್ನು ರೊಟ್ಟಿಗೆ ಹಾಕಿ ತಿನ್ಲಿಕ್ಕೆ ಆಗ್ತದಾ? ಪೇಟೆಯಿಂದ ಕೋಳಿ, ರೊಟ್ಟಿ ಎರಡೂ ತಾ. ವಿಶ್ವಣ್ಣ ಮಾಡಿ ಕೊಡ್ತಾರೆ. ತಗೊಂಡು ಹೋಗುದು ನೀನೇ.”

ತಕ್ಷಣ ಕ್ರಮ ಕೈಗೊಳ್ಳಲಾಯಿತು. ಬಿಸಿ ಪಾತ್ರೆಯನ್ನು ಕಾಲುಗಳ ನಡುವೆ ಇರಿಸಿಕೊಂಡು ಬಾಡಿಗೆ ಜೀಪಿನಲ್ಲಿ ಸುಳ್ಯದ ತಿರುವುಗಳನ್ನು ದಾಟುತ್ತಿದ್ದಾಗ, ಮ್ಯಾಕ್ರೋಗಳಿಗೆ ಇಂತಹ ಸ್ಥಳಾಂತರ ಎಷ್ಟು ಸುಲಭವೆಂದು ಅಸೂಯೆಯಾಯಿತು. ತಲುಪುವಷ್ಟರಲ್ಲಿ ಮೊದಲ ಪಂಕ್ತಿ ಪಾಯಸ ಮುಗಿಸಿ ಕೈತೊಳೆಯುತ್ತಿತ್ತು. ಮಮತಾ ಮಾತ್ರ ಹಸಿರು ಸೀರೆಯಲ್ಲಿ, ಮುಡಿ ತುಂಬ ಮಲ್ಲಿಗೆಯಲ್ಲಿ, ಎಲೆಯ ಮುಂದೆ ಸುಮ್ಮನೆ ಕುಳಿತಿದ್ದಳು. ಎಲೆಯಲ್ಲಿ ಅನ್ನ ಹಾಗೆಯೇ ಇತ್ತು. ದೇವಕಿಯಕ್ಕ ನನ್ನನ್ನು ಬೈಯಲಿಲ್ಲ, ಪಾತ್ರೆಯನ್ನು ಕಸಿದುಕೊಂಡರು.

ಮಮತಾ ರೊಟ್ಟಿ ಮುರಿದಳು, ಸಾರಿನಲ್ಲಿ ಅದ್ದಿದಳು, ಬಾಯಿಗಿಟ್ಟಳು. ಮನೆಯ ಹೆಂಗಸರೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದರು. ತುತ್ತು ಇಳಿಯಿತು. ಇನ್ನೊಂದು ಇಳಿಯಿತು. ಎಲೆಯಲ್ಲಿದ್ದುದು ಬರಿದಾದ ಮೇಲೆ ತಲೆಯೆತ್ತಿ ಕೇಳಿದಳು: “ಅವ್ವಾ, ಇನ್ನೂ ಉಟ್ಟಾ?”

ದೇವಕಿಯಕ್ಕ ನನ್ನತ್ತ ನೋಡಿದರು. ‘ಇದೆ’ ಎಂಬ ಉತ್ತರ ಕರಡಿನಲ್ಲಿ ಸಿದ್ಧವಾಗಿಯೇ ಇತ್ತು. ಬಾಯಿಯಿಂದ ಹೊರಟದ್ದು ಮಾತ್ರ, “ಉಂಟು, ಉಂಟು, ಬೇಕಾದಷ್ಟು ಉಂಟು!”

ಸಂಜೆ ಮೂರನೆಯ ಮ್ಯಾಕ್ರೋವನ್ನು ಹಿಂದುಮುಂದು ಮಾಡಿ ಓಡಿಸಿದೆ. ‘ಉಂಟು’ ಎಲ್ಲ ಫೈಲುಗಳಿಗೂ ಮರಳಿ ಬಂತು. ‘ಇದೆಲ್ಲ ಬೇಗ ಕಳುಹಿಸಿ’ ಎಂಬ ಒಂದು ಸಾಲು ‘ಉಂಟುಲ್ಲ ಬೇಗ ಕಳುಹಿಸಿ’ ಎಂದಾಯಿತು. ವಿಶ್ವಣ್ಣ ಅದನ್ನು ತಡವರಿಸದೆ ಓದಿ ಎಲ್ಲವನ್ನೂ ಬೇಗ ಕಳುಹಿಸಿದ್ದರಿಂದ ತಿದ್ದುಪಡಿ ಅನಗತ್ಯವೆಂದು ಪರಿಗಣಿಸಲಾಗಿದೆ.

ಕೊನೆಯದಾಗಿ ಒಂದು ತಿದ್ದೋಲೆ. ಹಳೆಯ ಭಯದಿಂದಾಗಿ ಈ ಬರಹದಲ್ಲಿಯೂ ಅಲ್ಲಲ್ಲಿ ‘ಇದೆ’ ನುಸುಳಿದೆ. ನನ್ನ ಮಾತಿನಲ್ಲಿ ಅದು ಎಲ್ಲೆಲ್ಲಿ ಕಂಡುಬರುತ್ತದೆಯೋ ಅಲ್ಲೆಲ್ಲ ‘ಉಂಟು’ ಎಂದು ಓದಿಕೊಳ್ಳತಕ್ಕದ್ದು.